ರಕ್ತದಲ್ಲಿರುವ ಕಬ್ಬಿಣ



ಹಂಚಿನ ಮೇಲೆ ಹಾಕಿದ ರಾಗಿ ರೊಟ್ಟಿಯನ್ನು ಮರೆತರೆ ಏನಾಗುತ್ತದೆ? ಮೊದಲು ಹಬೆ ಏಳುತ್ತದೆ. ಅದು ನೀರು. ಆಮೇಲೆ ರೊಟ್ಟಿ ಕರ್ರಗಾಗುತ್ತದೆ. ಆ ಕಪ್ಪು ಇಂಗಾಲ. ಅದನ್ನೇ ಒಲೆಗೆ ಹಾಕಿ ಪೂರ್ತಿ ಸುಟ್ಟರೆ ಚಿಟಿಕೆ ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಸುಣ್ಣದ ಅಂಶ, ಕಬ್ಬಿಣದ ಅಂಶ ಇರುತ್ತವೆ. ಅವನ್ನು ರಾಗಿ ಗಿಡ ಮಣ್ಣಿನಿಂದ ಪಡೆದದ್ದು. ಇಂಗಾಲವನ್ನು ಗಾಳಿಯಿಂದ ಪಡೆದದ್ದು.

ನಮ್ಮ ಮೈಯೂ ಇಂಥ ಸಾಮಾನುಗಳಿಂದಲೇ ಆಗಿದೆ. ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ. ಹೆಸರು ದೊಡ್ಡದು, ಆದರೆ ಎಲ್ಲವೂ ನೀರು, ಗಾಳಿಯಲ್ಲಿ ಇರುವಂಥವೇ. ಈ ನಾಲ್ಕು ಸೇರಿ ಮೈ ತೂಕದ ನೂರರಲ್ಲಿ ಸುಮಾರು 96 ಪಾಲು. ಉಳಿದದ್ದರಲ್ಲಿ ಸುಣ್ಣ, ರಂಜಕ, ಉಪ್ಪು ಎಲ್ಲ ಬಂತು. ಕಬ್ಬಿಣ ಎಷ್ಟು ಗೊತ್ತೇ? ಒಬ್ಬ ಹೆಂಗಸಿನ ಮೈಯಲ್ಲಿ ಸುಮಾರು 3 ಗ್ರಾಂ. ಒಂದು ಸಣ್ಣ ಮೊಳೆಯಷ್ಟು. ಇಷ್ಟೇ ತಾನೇ ಅನ್ನಬೇಡಿ.

ಮಳೆಯಲ್ಲಿ ನೆನೆದ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಅದೇ ತುಕ್ಕು. ರಕ್ತದಲ್ಲಿಯೂ ಕಬ್ಬಿಣ ಆಮ್ಲಜನಕವನ್ನು ಹಿಡಿಯುತ್ತದೆ. ಆದರೆ ಅಲ್ಲಿ ಅದು ಒಂಟಿಯಲ್ಲ. ಹಿಮೋಗ್ಲೋಬಿನ್ ಎಂಬ ಪ್ರೋಟೀನು ತೊಟ್ಟಿಲಲ್ಲಿ ಕೂಸನ್ನಿಟ್ಟಂತೆ ಅದನ್ನು ಇಟ್ಟುಕೊಂಡಿರುತ್ತದೆ. ಹಾಗಾಗಿ ಶ್ವಾಸಕೋಶದಲ್ಲಿ ಹಿಡಿದದ್ದನ್ನು ಕೈಕಾಲಿಗೆ, ಮಿದುಳಿಗೆ ಒಯ್ದು ಬಿಟ್ಟುಬಿಡುತ್ತದೆ. ಮತ್ತೆ ಬಂದು ಹಿಡಿಯುತ್ತದೆ. ರಕ್ತ ಕೆಂಪಗಿರುವುದೂ ಇದರಿಂದಲೇ.

ಕಬ್ಬಿಣ ಕಡಿಮೆಯಾದರೆ? ನಾವು ಉಸಿರಾಡುತ್ತೇವೆ, ಆದರೆ ಆಮ್ಲಜನಕ ಮೈಗೆ ಸಾಕಷ್ಟು ಮುಟ್ಟುವುದಿಲ್ಲ. ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ತಲೆಸುತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತದೆ. ಕೆಲವರಿಗೆ ಮಣ್ಣು, ಬಳಪ ತಿನ್ನುವ ಆಸೆ. ಸೋಮಾರಿ ಅಂತ ಮನೆಯವರು ಬೈಯುವುದೂ ಉಂಟು. ಅದು ಸೋಮಾರಿತನ ಅಲ್ಲ, ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಇಲ್ಲಿ ಕೂತಿರುವ ನಮ್ಮಲ್ಲೇ ಎಷ್ಟು ಮಂದಿ ಇರಬಹುದು, ಲೆಕ್ಕ ಹಾಕಿ.

ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅದು ಸತ್ತರೆ ಅದರ ಕಬ್ಬಿಣವನ್ನು ಮೈ ಬಿಸಾಡುವುದಿಲ್ಲ. ಹಳೆ ಸೀರೆಯಿಂದ ಕೌದಿ ಹೊಲಿದ ಹಾಗೆ, ಹೊಸ ಕಣಕ್ಕೆ ಬಳಸುತ್ತದೆ. ಆದರೆ ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಹೊರಗೇ ಹೋಗುತ್ತದೆ. ಹೊಟ್ಟೆಯಲ್ಲಿರುವ ಕೂಸೂ ತಾಯಿಯ ಕಬ್ಬಿಣವನ್ನೇ ತಗೊಳ್ಳುತ್ತದೆ. ಅದರ ಮೇಲೆ, ಎಲ್ಲರೂ ಉಂಡಾದ ಮೇಲೆ ಉಳಿದದ್ದು ನಮಗೆ. ಇದಂತೂ ರಸಾಯನಶಾಸ್ತ್ರ ಅಲ್ಲ!

ಹುರುಳಿ, ಅಲಸಂದೆ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಮಾಂಸದಲ್ಲಿರುವ ಕಬ್ಬಿಣ ಇನ್ನೂ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ತಿಂದದ್ದೆಲ್ಲ ರಕ್ತ ಸೇರುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ, ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದು ಹಾಗೇ ಹೊರಗೆ ಹೋಗುತ್ತದೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ವಿರುದ್ಧ. ಅವುಗಳಲ್ಲಿರುವ ಸಿ ಜೀವಸತ್ವ ಇದ್ದರೆ ಕರುಳು ಕಬ್ಬಿಣವನ್ನು ಚೆನ್ನಾಗಿ ಹೀರುತ್ತದೆ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಕುದಿಸಿದರೆ ಜೀವಸತ್ವ ಕೆಡುತ್ತದೆ. ಚಹಾ ಬಿಟ್ಟೇಬಿಡಿ ಅನ್ನೋದಿಲ್ಲ, ಬಿಟ್ಟರೆ ನಮಗೂ ತಲೆನೋವು! ಊಟವಾಗಿ ಒಂದು ಗಂಟೆ ಕಳೆದ ಮೇಲೆ ಕುಡಿಯೋಣ.

ರಕ್ತ ತೀರಾ ಕಡಿಮೆ ಇದ್ದರೆ ಊಟವೊಂದೇ ಸಾಲದು. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುತ್ತಾರೆ. ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ಬಸುರಿಗೆ 11ಕ್ಕಿಂತ ಕಡಿಮೆ ಇರಬಾರದು. ಕಬ್ಬಿಣದ ಮಾತ್ರೆಯನ್ನು ಪುಕ್ಕಟೆ ಕೊಡುತ್ತಾರೆ. "ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತೆ" ಅಂತ ಹೇಳೋರಿದ್ದಾರೆ. ಕಪ್ಪಾಗುವುದು ಮಲ, ಮಗು ಅಲ್ಲ. ಮೈ ಹೀರದೆ ಬಿಟ್ಟ ಕಬ್ಬಿಣ ಹಾಗೆ ಹೊರಬರುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಿ. ಚಹಾ, ಹಾಲಿನ ಜೊತೆ ಮಾತ್ರ ಬೇಡ. ಮಾತ್ರೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಅವರ ಕಣ್ಣಿಗೆ ಅದು ಮಿಠಾಯಿ. ಚಿಕ್ಕ ಮಕ್ಕಳು ಒಂದು ಹಿಡಿ ನುಂಗಿದರೆ ಜೀವಕ್ಕೇ ಅಪಾಯ.