ಬಿಟ್ಟ ಸ್ಥಳ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಕಡೆಯವರ ರೂಢಿ. ಜಿಲ್ಲೆಯ ಹೆಸರು ಬದಲಾದರೂ ರೂಢಿ ಬದಲಾಗಿಲ್ಲ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಸೇರಿ, ಎರಡು ದಶಕಗಳ ತರುವಾಯ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯ ಪಾಲಾಯಿತು. ಪ್ರವೇಶದ ಅರ್ಜಿಯಲ್ಲಿ ಜಿಲ್ಲೆಯ ಹೆಸರನ್ನು ಇಷ್ಟು ಸಲ ತಿದ್ದಿದ ನಮಗೆ ಅದೇ ಅರ್ಜಿಯ ಇನ್ನೊಂದು ಕಲಮನ್ನು ತಿದ್ದಬೇಕೆಂದು ಬಹುಕಾಲ ತೋಚಲೇ ಇಲ್ಲ. 'ತಂದೆಯ ಹೆಸರು' ಎಂಬ ಕಲಮು ಅದು.

ಈ ಸೀಮೆ ದೇವದಾಸಿ ಪದ್ಧತಿಯಿಂದ ನೊಂದ ಸೀಮೆ. ಉಚ್ಚಂಗಿದುರ್ಗದ ಬೆಟ್ಟದ ಹೆಸರೆತ್ತಿದರೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ನೆನಪೂ ಬರುತ್ತದೆ. ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರಲ್ಲಿ ಆಯಿತು. ಆ ಬಳಿಕ 1993-94ರಲ್ಲಿ ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲ್ಪಟ್ಟ ದೇವದಾಸಿಯರ ಸಂಖ್ಯೆ 46,660. ಇವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಇವರ ಮಕ್ಕಳು ಶಾಲೆಗೆ ಬಂದರು, ಶಾಲೆ ಮುಗಿಸಿ ಕಾಲೇಜಿಗೂ ಬಂದರು. ಅಲ್ಲಿ ಅವರನ್ನು ಮೊದಲು ಎದುರುಗೊಂಡದ್ದು ಪಾಠವಲ್ಲ, ಕಚೇರಿಯ ಕಿಟಕಿ.

ನಾನು ಈ ಭಾಗದ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಹೆಸರು ಬೇಡ. 1980ರ ದಶಕದ ಕೊನೆಯ ಒಂದು ಜೂನ್ ತಿಂಗಳು. ಕಿಟಕಿಯ ಮುಂದೆ ಸಾಲು ನಿಂತಿದೆ. ಗುಮಾಸ್ತರು ಒಂದು ಅರ್ಜಿಯನ್ನು ಮೇಲೆತ್ತಿ ಹಿಡಿದು, "ಏನಮ್ಮ, ಅಪ್ಪನ ಹೆಸರು ಗೊತ್ತಿಲ್ಲೇನು? ಖಾಲಿ ಬಿಟ್ಟೀಯಲ್ಲ" ಎಂದರು. ಅವರು ದುಷ್ಟರಲ್ಲ, ಅರ್ಜಿ ಪೂರ್ಣವಾಗಿರಬೇಕೆಂಬುದು ಅವರ ಚಿಂತೆ. ಆ ಹುಡುಗಿ ತಲೆ ತಗ್ಗಿಸಿದಳು. ಸಾಲಿನಲ್ಲಿ ಯಾರೋ ನಕ್ಕರು. ವಾರದೊಳಗಾಗಿ ತರಗತಿಯ ಕಪ್ಪುಹಲಗೆಯ ಮೇಲೆ ಅವಳ ಹೆಸರು, ಅದರ ಮುಂದೆ ಒಂದು ಗೆರೆ, ಕೆಳಗೆ 'ಬಿಟ್ಟ ಸ್ಥಳ ತುಂಬಿರಿ' ಎಂಬ ಬರೆಹ ಕಾಣಿಸಿಕೊಂಡವು.

ಅವಳು ಧೈರ್ಯಮಾಡಿ ಪ್ರಾಂಶುಪಾಲರಿಗೆ ದೂರು ಬರೆದುಕೊಟ್ಟಳು. ಮೂವರು ಅಧ್ಯಾಪಕರ ವಿಚಾರಣಾ ಸಮಿತಿಯಾಯಿತು. ಆ ಮೂವರಲ್ಲಿ ನಾನೂ ಒಬ್ಬ. ನಮ್ಮ ಚಿಂತೆಯೆಲ್ಲ ಒಂದೇ ಆಗಿತ್ತು: ಸುದ್ದಿ ಊರಿಗೆ ಹಬ್ಬಬಾರದು. ಹುಡುಗರ ಕಡೆಯ ಹಿರಿಯರು ಬಂದು, "ಹುಡುಗಾಟ, ಬಿಡ್ರಿ ಸರ" ಎಂದರು. ನಾವು ಅವಳನ್ನೂ ಅವರನ್ನೂ ಒಂದೇ ಕೋಣೆಗೆ ಕರೆಸಿ, ಎದುರುಬದುರು ನಿಲ್ಲಿಸಿ, ಅವರಿಂದ "ತಪ್ಪಾಯಿತು" ಎನ್ನಿಸಿದೆವು. ಆ ಮಾತು ಹೇಳುವಾಗಲೂ ಒಬ್ಬನ ತುಟಿಯಂಚಿನಲ್ಲಿ ನಗುವಿತ್ತು. ಅದನ್ನು ನಾನು ಕಂಡೆ, ಅವಳೂ ಕಂಡಳು. 'ಉಭಯತರಲ್ಲಿ ರಾಜಿಯಾಗಿದೆ' ಎಂಬ ವರದಿಗೆ ನಾನು ರುಜು ಹಾಕಿದೆ. ದಸರಾ ರಜೆಗೆ ಹೋದವಳು ತಿರುಗಿ ಬರಲಿಲ್ಲ. ಏಕೆ ಬರಲಿಲ್ಲವೆಂದು ಅವಳ ಊರಿಗೆ ಹೋಗಿ ಕೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಊರು ದೂರವೇನೂ ಇರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ.

'ರಾಜಿ' ಎಂಬ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹೊಲದ ಬದುವಿಗಾಗಿ ಜಗಳವಾಡಿದವರು ರಾಜಿಯಾಗಬಹುದು, ಇಬ್ಬರಿಗೂ ಹೊಲವಿದೆ. ಇಲ್ಲಿ ಒಬ್ಬಳ ಬಳಿ ಇದ್ದುದು ಮಾನವೊಂದೇ, ಅದರಲ್ಲಿ ಅರ್ಧವನ್ನು ಬಿಟ್ಟುಕೊಡೆಂದು ನಾವು ಕೇಳಿದೆವು. ಕಿಟಕಿಯಲ್ಲಿ ಆದದ್ದಂತೂ ನಮ್ಮ ವಿಚಾರಣೆಯ ವ್ಯಾಪ್ತಿಗೇ ಬರಲಿಲ್ಲ. ಹಲಗೆಯ ಮೇಲೆ ಬರೆದವರಿಗೆ ಆ ಪಾಠ ಹೇಳಿಕೊಟ್ಟದ್ದು ಕಚೇರಿ ಎಂಬುದು ಮೂವರು ಪದವೀಧರರಿಗೆ ಹೊಳೆಯಲಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ 2012ರಲ್ಲಿ ಸಮಾನತೆಯ ನಿಯಮಾವಳಿಯೊಂದನ್ನು ಹೊರಡಿಸಿತು. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿಯನ್ನು ಬಹಿರಂಗವಾಗಿ ಸಾರುವುದೂ ತಾರತಮ್ಯವೇ ಎಂದು ಅದು ಹೇಳಿತು. ದೂರು ಕೇಳಲು ಪ್ರತ್ಯೇಕ ಅಧಿಕಾರಿಯಿರಬೇಕೆಂದಿತು. ತೀರ್ಮಾನಕ್ಕೆ 60 ದಿನಗಳ ಗಡುವು ಹಾಕಿತು. ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿಸಹಿತ ಗಟ್ಟಿಯಾಗಿ ಓದಿ ಹಾಜರಿ ಹಾಕಿಸುತ್ತಿದ್ದ ನಮ್ಮ ಕಾಲದವರಿಗೆ ಇದು ಹೊಸ ವಿಷಯವೇ. ಆದರೆ ಕಾಗದದ ನಿಯಮ ತಾನಾಗಿ ನಡೆಯುವುದಿಲ್ಲ. ಹೈದರಾಬಾದಿನಲ್ಲಿ 2016ರ ಜನವರಿಯಲ್ಲಿ ರೋಹಿತ್ ವೇಮುಲ, ಮುಂಬಯಿಯಲ್ಲಿ 2019ರ ಮೇ ತಿಂಗಳಲ್ಲಿ ಪಾಯಲ್ ತಡವಿ ತೀರಿಕೊಂಡರು. ಆ ನಿಯಮಗಳನ್ನು ಜಾರಿಗೆ ತನ್ನಿರೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಆ ಇಬ್ಬರ ತಾಯಂದಿರು.

ನಮ್ಮ ವಿಧಾನಸಭೆ 2025ರ ಆಗಸ್ಟಿನಲ್ಲಿ ಒಪ್ಪಿದ ದೇವದಾಸಿ ಮಸೂದೆ, ಈ ತಾಯಂದಿರ ಮಕ್ಕಳಿಗೆ ತಂದೆಯ ಹೆಸರು ಹೇಳಬೇಕಾದ ಕಡ್ಡಾಯವನ್ನು ತೆಗೆಯಹೊರಟಿತು. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನೆನಪಾದದ್ದು ಕಾಯಿದೆಯಲ್ಲ, ನಿವೃತ್ತಿಯ ಹಿಂದಿನ ವರ್ಷದ ಒಂದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಅರ್ಜಿ ತುಂಬುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡಿದ್ದೆ. ಕಿಟಕಿಯ ಬಳಿ ಬೇಡವೆಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಸಿಕೊಂಡು, ಒಬ್ಬೊಬ್ಬರನ್ನೇ ಒಳಗೆ ಕರೆದು, ಮೊದಲು ತಾಯಿಯ ಹೆಸರು ಕೇಳುತ್ತಿದ್ದೆ. ಇನ್ನೊಂದು ಹೆಸರನ್ನು ಅವರಾಗಿ ಹೇಳಿದರೆ ಬರೆಯುವುದು, ಇಲ್ಲವಾದರೆ ಗೆರೆ ಎಳೆದು ಮುಂದಿನ ಕಲಮಿಗೆ ಹೋಗುವುದು. ಇದಕ್ಕೆ ಕಚೇರಿಯಲ್ಲಿ ಆಕ್ಷೇಪಣೆ ಬಂತು; ಬರಲಿ ಎಂದುಕೊಂಡೆ.

ಆ ಮಧ್ಯಾಹ್ನ ಮಗನೊಡನೆ ಬಂದ ಒಬ್ಬ ತಾಯಿ ಬಾಗಿಲಲ್ಲೇ ನಿಂತಿದ್ದಳು. ಕೂಡಿರೆಂದರೂ ಕೂಡಲಿಲ್ಲ. ನಾನು ಹೆಸರು ಬರೆಯುತ್ತಿದ್ದುದನ್ನು ನೋಡಿ, "ಅಲ್ಲಿ ನನ್ನ ಹೆಸರೇ ಬರದ್ರೇನ್ರಿ ಯಪ್ಪಾ?" ಎಂದು ಕೇಳಿದಳು. "ಹೌದು ತಾಯಿ" ಎಂದೆ.

"ಓದ್ರಿ ನೋಡೋಣು" ಎಂದಳು.

ಓದಿದೆ. ಇನ್ನೊಂದು ಸಲ ಓದಿಸಿದಳು. ಆಮೇಲೆ ಒಳಗೆ ಬಂದು ಕುರ್ಚಿಯ ಮೇಲೆ ಕೂತಳು.