ಕಾಲು ಒತ್ತುವುದೂ ಒಂದು ಕಸುಬು

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತು ಸ್ಲೇಟು ಬೇಡ. ಕಾಲು ಚಾಚಿ ಕೂತುಕೊಳ್ಳಿ. ನಿಮ್ಮ ಪಾದ ನೋಡಿಕೊಳ್ಳಿ.

ಒಂದು ಪಾದದಲ್ಲಿ 26 ಮೂಳೆ. ಎರಡಕ್ಕೆ ಎಷ್ಟು? ಹೌದು, 52. ಇಡೀ ಮೈಯಲ್ಲಿ ಇರುವುದು 206. ಅಂದರೆ ಮೈಯ ಕಾಲು ಭಾಗ ಮೂಳೆ ಕಾಲಲ್ಲೇ ಇವೆ!

ಹೋದ ವಾರ ಒಬ್ಬ ತಂಗಿ ಕೇಳಿದಳು. "ಟೀಚರೇ, ಪೇಟೇಲಿ ಒಂದು ಬೋರ್ಡು ಓದಿದೆ. ರಿಫ್ಲೆಕ್ಸಾಲಜಿ ಅಂತ ಇತ್ತು. ಒಳಗೆ ಕಾಲು ಒತ್ತಿ ದುಡ್ಡು ತಗೊಳ್ತಾರಂತೆ. ನಾವೂ ಮಾಡಬಹುದಾ?" ಅಷ್ಟು ದೊಡ್ಡ ಪದ ಓದಿದಳಲ್ಲ, ನನಗೆ ಅದೇ ಸಂತೋಷ. ಆದರೆ ಪಕ್ಕದವರು ನಕ್ಕರು. "ಛೀ, ಕಂಡವರ ಕಾಲು ಹಿಡಿಯೋದಾ?" ಅಂದರು.

ಯಾಕೆ ಛೀ? ಅತ್ತೆಯ ಕಾಲು ಒತ್ತಿಲ್ಲವೇ? ಗಂಡನ ಕಾಲು ಒತ್ತಿಲ್ಲವೇ? ಬಾಣಂತಿಗೆ ಎಣ್ಣೆ ತಿಕ್ಕಿಲ್ಲವೇ? ಬಿಟ್ಟಿ ಮಾಡಿದರೆ ಸೇವೆ, ಕೂಲಿ ಕೇಳಿದರೆ ನಾಚಿಕೆ! ಈ ಲೆಕ್ಕ ನನಗೆ ಹಿಡಿಸುವುದಿಲ್ಲ.

ಈ ಕಸುಬನ್ನು ಬೆಳೆಸಿದ್ದು ಒಬ್ಬ ಹೆಂಗಸು. ಹೆಸರು ಯೂನಿಸ್ ಇಂಗಮ್. ಅಮೆರಿಕದವರು. 1889ರಲ್ಲಿ ಹುಟ್ಟಿದರು. 1917ರಲ್ಲೇ ಅಲ್ಲಿ ಫಿಟ್ಜ್‌ಜೆರಾಲ್ಡ್ ಎಂಬ ಡಾಕ್ಟರು ಒಂದು ಪುಸ್ತಕ ಬರೆದಿದ್ದರು. ತಲೆಯಿಂದ ಕಾಲಿನವರೆಗೆ ಮೈಯನ್ನು 10 ಪಟ್ಟಿ ಮಾಡಿ ತೋರಿಸಿದ್ದರು. ಇಂಗಮ್ ಇನ್ನೊಬ್ಬ ಡಾಕ್ಟರ ಬಳಿ ಕೆಲಸಕ್ಕಿದ್ದರು. ಅವರು ರೋಗಿಗಳ ಪಾದ ಒತ್ತಿ ಒತ್ತಿ ನೋಡಿದರು. ಪಾದದ ನಕ್ಷೆ ಮಾಡಿದರು. ಬೆರಳು ಅಂದರೆ ತಲೆ, ಬೆರಳ ಕೆಳಗಿನ ಉಬ್ಬು ಅಂದರೆ ಎದೆ, ನಡುವಿನ ತಗ್ಗು ಹೊಟ್ಟೆ, ಹಿಮ್ಮಡಿ ಸೊಂಟದ ಭಾಗ. 1938ರಲ್ಲಿ ಪುಸ್ತಕ ತಂದರು. ಊರೂರು ತಿರುಗಿ ಕಲಿಸಿದರು. 1974ರಲ್ಲಿ ತೀರಿಕೊಂಡರು.

ಈ ನಕ್ಷೆ ನಿಜವೇ? ಹಿಮ್ಮಡಿ ಒತ್ತಿದರೆ ಸೊಂಟದ ರೋಗ ಹೋಗುತ್ತದೆಯೇ? ಆಸ್ಟ್ರೇಲಿಯಾ ಸರ್ಕಾರ ಇದನ್ನೆಲ್ಲ ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟಿತು. ರೋಗ ವಾಸಿ ಆಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ಚೆನ್ನಾಗಿ ಒತ್ತಿದರೆ ದಣಿವು ಇಳಿಯುತ್ತದೆ, ಮೈ ಹಗುರ ಅನಿಸುತ್ತದೆ. ಅಷ್ಟಕ್ಕೇ ದುಡ್ಡು ತಗೊಳ್ಳಿ. "ಬಿ.ಪಿ. ಮಾತ್ರೆ ಬಿಡಿ, ನಾನು ಒತ್ತಿ ವಾಸಿ ಮಾಡ್ತೀನಿ" ಅಂತ ಯಾವತ್ತೂ ಹೇಳಬೇಡಿ. ಆ ಮಾತಿಗೆ ಜೀವ ಹೋದೀತು.

ನನ್ನದೇ ತಪ್ಪು ಹೇಳುತ್ತೇನೆ. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಒಂದು ಸಂಜೆ ಕಾಲು ಜೋಮು ಅಂದರು. ನಾನು ಬಿಸಿನೀರಿನಲ್ಲಿ ಅವರ ಕಾಲು ಇಡಿಸಿದೆ. ಆಮೇಲೆ ಒತ್ತಿದೆ. "ಬಿಸಿ ಜಾಸ್ತಿಯಾ ಮಾವ?" ಅಂದರೆ "ಇಲ್ಲಮ್ಮ, ಹಿತವಾಗಿದೆ" ಅಂದರು. ಬೆಳಿಗ್ಗೆ ನೋಡಿದರೆ ಬೊಬ್ಬೆ! ಅವರ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಸಕ್ಕರೆ ಕಾಯಿಲೆ ನರವನ್ನು ಹಾಗೆ ಸಾಯಿಸುತ್ತದೆ. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬೆರಳು ಉಳಿಯಿತಲ್ಲ, ಅದೇ ಪುಣ್ಯ. ಟಿ.ಸಿ.ಎಚ್. ಓದಿದ ಟೀಚರು ನಾನು, ನನಗೇ ಗೊತ್ತಿರಲಿಲ್ಲ.

ಅದಕ್ಕೇ ಮೊದಲು ಕೇಳಬೇಕು. ಸಕ್ಕರೆ ಇದೆಯಾ? ಜ್ವರ ಇದೆಯಾ? ಪಾದದಲ್ಲಿ ಗಾಯ, ಮೂಳೆ ಮುರಿತ ಇದೆಯಾ? ಬಸುರಿಯಾ? ಇದ್ದರೆ ಡಾಕ್ಟರನ್ನು ಕೇಳಿ ಬರಲಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮುಟ್ಟಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಜಾರಿ ಎದೆಗೆ ಹೋದರೆ ಪ್ರಾಣಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಕಳಿಸಿ.

ನಿಮ್ಮ ಕೈಯನ್ನೂ ನೋಡಿಕೊಳ್ಳಿ. ಹೆಬ್ಬೆರಳು ಕಂಬಳಿಹುಳು ತೆವಳಿದ ಹಾಗೆ ಬಾಗಿ, ಸರಿದು, ಮತ್ತೆ ಬಾಗಬೇಕು. ದಿನವೆಲ್ಲ ಹೀಗೆ ಒತ್ತಿದರೆ ಹೆಬ್ಬೆರಳ ಗಂಟೇ ಕೆಡುತ್ತದೆ. ನಡುನಡುವೆ ಗೆಣ್ಣಿನಿಂದ ಒತ್ತಿ. ಸ್ಟೂಲಿನ ಮೇಲೆ ಕೂತು ಮಾಡಿ, ಸೊಂಟ ಬಗ್ಗಿಸಬೇಡಿ.

ಇನ್ನು ದುಡ್ಡು. ಒಂದು ಸಲಕ್ಕೆ 150 ರೂಪಾಯಿ ಅಂತ ಇಟ್ಟುಕೊಳ್ಳೋಣ. ದಿನಕ್ಕೆ 3 ಮನೆ ಅಂದರೆ 450. ತಿಂಗಳಿಗೆ 20 ದಿನ ಕೆಲಸ ಸಿಕ್ಕರೆ 9,000. ಎಣ್ಣೆ, ಟವೆಲು, ಸೋಪಿನ ಖರ್ಚು ಕಳೆಯಿರಿ. ಬಸ್ಸಿನ ಖರ್ಚು? 2023ರಲ್ಲಿ ಶಕ್ತಿ ಯೋಜನೆ ಬಂದಿತಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು. ಶುರುವಿನಲ್ಲಿ 3 ಮನೆ ಸಿಗುವುದಿಲ್ಲ. ಒಂದು ಸಿಕ್ಕರೆ ಹೆಚ್ಚು. ಅದಕ್ಕೇ ಇರುವ ಕೂಲಿ ಬಿಟ್ಟು ಇದಕ್ಕೆ ಇಳಿಯಬೇಡಿ. ಮೊದಲು ಹೆಂಗಸರಿಗೆ ಮಾತ್ರ ಮಾಡಿ, ಗೊತ್ತಿರುವ ಮನೆಗೇ ಹೋಗಿ.

ಕಲಿಯುವುದು ಎಲ್ಲಿ? ನನಗೆ ಗೊತ್ತಿರುವ ಒಬ್ಬ ಹುಡುಗಿ ಪೇಟೆಯಲ್ಲಿ ಬಳೆ ಅಡವಿಟ್ಟು ಫೀಸು ಕಟ್ಟಿದಳು. ಎರಡು ದಿನದ ಪಾಠ, ಒಂದು ಬಣ್ಣದ ಸರ್ಟಿಫಿಕೇಟು. ಕೈಗೆ ಕೆಲಸ ಬರಲೇ ಇಲ್ಲ. ದುಡ್ಡು ಕಟ್ಟುವ ಮೊದಲು ಅಲ್ಲಿ ಕಲಿತು ದುಡಿಯುತ್ತಿರುವ ಹೆಂಗಸರನ್ನು ಹುಡುಕಿ ಕೇಳಿ. ಕಾಗದ ಪೂರ್ತಿ ಓದದೆ ಸಹಿ ಹಾಕಬೇಡಿ. ಈಗ ಹೆಬ್ಬೆಟ್ಟಲ್ಲ, ಸಹಿ! 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇದೆ. ಅಲ್ಲಿ ತರಬೇತಿಗೆ ಫೀಸಿಲ್ಲ, ಊಟ ವಸತಿಯೂ ಉಚಿತ. ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತಾರೆ. ಅಂಗಡಿ ಲೆಕ್ಕ, ಬ್ಯಾಂಕ್ ಸಾಲ ಇವನ್ನೂ ಹೇಳಿಕೊಡುತ್ತಾರೆ. ವಿಚಾರಿಸಿ.

ಸರಿ, ಈಗ ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಿ. ಉಗುರು ಉದ್ದ ಇದ್ದವರು ಕತ್ತರಿ ತಗೊಳ್ಳಿ. ಕೈ ತೊಳೆದು ಬನ್ನಿ. ಎದುರಿನವರನ್ನು ಮೊದಲು ಏನು ಕೇಳಬೇಕು? ಜೋರಾಗಿ ಹೇಳಿ.