ಚಿತ್ರವು ಉಡುಪಾದಾಗ

ಗೋಡೆಯ ಮೇಲಿರಬೇಕಾದ ಚಿತ್ರವನ್ನು ಮೈಮೇಲೆ ಧರಿಸಬಹುದೆ? ಧರಿಸಿದರೆ ಅದು ಕಲೆಗೆ ಸಲ್ಲಿಸಿದ ಗೌರವವೋ ಅಪಚಾರವೋ? ಈ ಪ್ರಶ್ನೆಯನ್ನು ಒಂದೇ ಒಂದು ಉಡುಪನ್ನು ಮುಂದಿಟ್ಟುಕೊಂಡು ವಿಚಾರಿಸಬಹುದೆಂದು ತೋರುತ್ತದೆ.

1965ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಈವ್ ಸ್ಯಾಂ ಲೊರಾಂ, ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನನ ಕೃತಿಗಳಿಂದ ಸ್ಫೂರ್ತಿ ಪಡೆದು ಕೆಲವು ಉಡುಪುಗಳನ್ನು ರಚಿಸಿದ. ಮೊಂಡ್ರಿಯಾನನ ಪ್ರೌಢ ಚಿತ್ರಗಳಲ್ಲಿ ಮರವಿಲ್ಲ, ಮನುಷ್ಯನಿಲ್ಲ. ಬಿಳಿಯ ಹಿನ್ನೆಲೆ, ಕಪ್ಪು ಗೆರೆಗಳು, ನಡುನಡುವೆ ಕೆಂಪು, ಹಳದಿ, ನೀಲಿಯ ಚೌಕಗಳು. ಗೆರೆಗಳು ಅಡ್ಡವಾಗಿರಬೇಕು, ಇಲ್ಲವೆ ನೆಟ್ಟಗಿರಬೇಕು. ಓರೆಗೆರೆಗೆ ಅಲ್ಲಿ ಪ್ರವೇಶವಿಲ್ಲ.

ಇದನ್ನು ಬಟ್ಟೆಗಿಳಿಸುವುದೇನು ಮಹಾ, ಅಚ್ಚೊತ್ತಿದರಾಯಿತು ಎನ್ನಬಹುದು. ಆದರೆ ಚಿತ್ರಪಟ ಸಮತಲವಾದುದು. ಮನುಷ್ಯನ ಮೈ ಹಾಗಲ್ಲ. ಉಬ್ಬುತಗ್ಗುಗಳ ಮೇಲೆ ನೇರಗೆರೆ ನೇರವಾಗಿಯೇ ಕಾಣುವುದೆಂತು? ಸ್ಯಾಂ ಲೊರಾಂ ಉಣ್ಣೆಯ ಜರ್ಸಿಬಟ್ಟೆಯ ಬಣ್ಣಬಣ್ಣದ ತುಂಡುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಕೂಡಿಸಿದ. ಮೈಗೆ ಹೊಂದಿಸಲು ಬೇಕಾದ ಬಾಗುಗಳನ್ನು ಆ ಗೆರೆಗಳ ಹೊಲಿಗೆಯಲ್ಲಿಯೇ ಅಡಗಿಸಿದ. ಚಿತ್ರಕಾರನ ಗೆರೆ ದರ್ಜಿಯ ಉಪಾಯವಾಯಿತು.

ಕಾವ್ಯದಲ್ಲಿ ನಮಗೆ ಈ ಕೆಲಸ ಪರಿಚಿತವೇ. ಪಂಪನು ವ್ಯಾಸಭಾರತವನ್ನು ಎತ್ತಿಕೊಂಡಾಗ ಅದನ್ನು ಅರಿಕೇಸರಿಯ ಅಳತೆಗೆ ಹೊಲಿಯಬೇಕಾಯಿತು. ಅರ್ಜುನನೇ ಅರಿಕೇಸರಿಯಾದ ಮೇಲೆ ದ್ರೌಪದಿ ಐವರ ಪತ್ನಿಯಾಗಿ ಉಳಿಯಲಿಲ್ಲ, ಅರ್ಜುನನೊಬ್ಬನ ಮಡದಿಯಾದಳು. ಕತ್ತರಿ ಆಡಿದೆ, ಆದರೂ ಅದನ್ನು ಭಾರತವಲ್ಲವೆಂದು ಹೇಳಲಾರೆವು. ಎರವಲು ತಂದವನು ತನ್ನ ಮಾಧ್ಯಮದ ಕಷ್ಟವನ್ನು ತಾನೇ ಬಿಡಿಸಿಕೊಂಡರೆ ಆ ಎರವಲು ಸ್ವಂತದ್ದಾಗುತ್ತದೆ.

ಇಷ್ಟಕ್ಕೇ ಮುಗಿಸಿದರೆ ಮೊಂಡ್ರಿಯಾನನ ಮಾತು ಉಳಿದುಹೋಗುತ್ತದೆ. ಆತ ನ್ಯೂಯಾರ್ಕಿನಲ್ಲಿ ತೀರಿಕೊಂಡದ್ದು 1944ರಲ್ಲಿ. ಈ ಉಡುಪನ್ನು ಕಾಣಲೇ ಇಲ್ಲ. ಬದುಕೇ ಸಮತೋಲವನ್ನು ಪಡೆದಾಗ ಕಲೆ ಬೇರೆಯಾಗಿ ನಿಲ್ಲಬೇಕಾಗಿಲ್ಲ ಎಂಬುದು ಅವನ ನಂಬಿಕೆಯಾಗಿತ್ತು. ಆದರೆ ಪ್ಯಾರಿಸ್ಸಿನ ಆ ಉಡುಪು ಸಿರಿವಂತರಿಗೆ ಮಾತ್ರ ಎಟುಕುವಂಥದು. ಇಂದು ಅದು ನ್ಯೂಯಾರ್ಕ್, ಲಂಡನ್ನುಗಳ ವಸ್ತುಸಂಗ್ರಹಾಲಯಗಳಲ್ಲಿದೆ. ಗೋಡೆಯಿಂದ ಇಳಿದ ಚಿತ್ರ ಗಾಜಿನ ಹಿಂದೆ ಸೇರಿಕೊಂಡಿತು. ಬೀದಿಗೆ ಬಂದದ್ದು ಅದರ ಅಗ್ಗದ ಅನುಕರಣೆಗಳು.

ಆ ಅನುಕರಣೆಗಳನ್ನು ನಾನು ಬಹುಕಾಲ ಹಗುರವಾಗಿ ಕಂಡವನು. ಈಗ ಅಷ್ಟು ನಿಶ್ಚಯವಿಲ್ಲ. ಕುಶಲತೆಯ ದೃಷ್ಟಿಯಿಂದ ನನ್ನ ಮೆಚ್ಚಿಕೆ ಇಂದಿಗೂ ಸ್ಯಾಂ ಲೊರಾಂನ ಹೊಲಿಗೆಗೇ ಸಲ್ಲುತ್ತದೆ. ಆದರೆ ಅಗ್ಗದ ಉಡುಪು ತೊಟ್ಟು ದುಡಿಮೆಗೆ ಹೊರಟ ಹುಡುಗಿಯೊಬ್ಬಳನ್ನು ಕಂಡಿದ್ದರೆ, ಮೊಂಡ್ರಿಯಾನನು ಅವಳ ಕಡೆಗೇ ತಿರುಗಿ ನೋಡುತ್ತಿದ್ದನೇನೋ.